ಇಪ್ಪತ್ತೊಂಬತ್ತು ಮಿಲ್

ಸ್ವೀಡನ್ನಿನ ನಕ್ಷೆಯನ್ನು ಗಂಗಾಧರ ಆರು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿಯಾಗಿ ನೋಡಿರಲಿಲ್ಲ. ಅವನ ಲೆಕ್ಕದಲ್ಲಿ ಈ ದೇಶವೆಂದರೆ ಮೆಟ್ರೋದ ನೀಲಿ ಲೈನು. ಒಂದು ಕಡೆ ಕಿಸ್ಟಾದ ಆಫೀಸು, ಇನ್ನೊಂದು ಕಡೆ ಸ್ಟಾಕ್‌ಹೋಮ್ ಪೇಟೆಯ ಇಂಡಿಯನ್ ಅಂಗಡಿ, ನಡುವೆ ಹಾಲೊನ್‌ಬೆರ್ಯೆನ್‌ನಲ್ಲಿ ಅವನ ಬಾಡಿಗೆ ಫ್ಲ್ಯಾಟು. ಅದರಾಚೆ ಇರುವುದೆಲ್ಲ ಮರ, ಮರದಾಚೆ ಹಿಮ. ಹಿಮದಾಚೆಗೂ ಊರುಗಳಿವೆ, ಅಲ್ಲಿಯ ಜನವೂ ಮದುವೆಯಾಗಿ ಮಕ್ಕಳನ್ನು ಹೆತ್ತು ಶಾಲೆಗೆ ಕಳಿಸುತ್ತಾರೆ ಎಂದು ಯಾರಾದರೂ ಹೇಳಿದರೆ ಅವನು ಮೂಗಿನಲ್ಲಿ ನಗುತ್ತಿದ್ದ.

ಮೂಗಿನಲ್ಲಿ ನಗುವುದು ಅವನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆರ್ಕ್‌ಟಿಕ್ ಚಳಿಯಲ್ಲಿ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ರಾಜಾಜಿನಗರದಲ್ಲಿದ್ದಾಗ ಆಚೆ ಊರುಗಳಿಂದ ಬಂದವರ ಮಾತಿಗೆ ನಗುತ್ತಿದ್ದವನು ಇಲ್ಲಿಗೆ ಬಂದ ಮೇಲೆ ಸ್ವೀಡನ್ನಿನವರ ಸಕಲಕ್ಕೂ ನಗತೊಡಗಿದ. ದಿನಕ್ಕೆರಡು ಸಲ ಕೆಲಸ ಬಿಟ್ಟು ಕಾಫಿ ಕುಡಿದು ಬನ್ನು ತಿನ್ನುವ ಅವರ ಫೀಕಾ ಅವನಿಗೆ ಸೋಮಾರಿಗಳ ಮಂಗಳಾರತಿ. ಅವರ ಭಾಷೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡವರ ಇಂಗ್ಲಿಷು. ಹೆಂಡತಿ ಮಾಲತಿ ಸಂಜೆ ಕ್ಲಾಸಿಗೆ ಹೋಗಿ ಸ್ವೀಡಿಷ್ ಕಲಿತು, ದಾಗಿಸ್ ಎಂದು ಇಲ್ಲಿಯವರು ಕರೆಯುವ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದಾಗಲೂ ಅವನು ನಕ್ಕಿದ್ದ. "ಇಂಜಿನಿಯರಿಂಗ್ ಓದಿ ಬೆಳ್ಳಗಿರೋ ಮಕ್ಕಳ ಮೂಗು ಒರ್ಸೋಕೆ ಹೋಗ್ತಿದ್ದೀಯಲ್ಲೇ" ಎಂದಿದ್ದ. ಮಾಲತಿ, "ನಮ್ಮನೇಲಿ ಇರೋ ದೊಡ್ಡ ಮೂಗಿಗಿಂತ ಅವು ವಾಸಿ ರೀ" ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೋಗಿದ್ದಳು.

ಇಂಥ ಗಂಗಾಧರನಿಗೆ ಆ ಚಳಿಗಾಲದಲ್ಲಿ ಸಿಕ್ಕಿದ ಕೆಲಸ ಉತ್ತರ ದಿಕ್ಕಿನದು. ಉತ್ತರದ ಹದಿನಾಲ್ಕು ಪುಟ್ಟ ವಿಮಾನ ನಿಲ್ದಾಣಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದವು. ಪ್ರವಾಸಿಗರಿಗಾಗಿ ಅವರಿಗೊಂದು ವೆಬ್‌ಸೈಟು ಬೇಕಿತ್ತು. ಯಾವ ಎರಡು ನಿಲ್ದಾಣಗಳ ಹೆಸರು ಒತ್ತಿದರೂ ನಡುವಿನ ದೂರವೆಷ್ಟು, ವಿಮಾನದಲ್ಲಿ ಎಷ್ಟು ಹೊತ್ತು, ಕಾರಿನಲ್ಲಿ ಎಷ್ಟು ಹೊತ್ತು ಎಂದು ಅದು ತೋರಿಸಬೇಕು. ಹದಿನಾಲ್ಕು ನಿಲ್ದಾಣಕ್ಕೆ ತೊಂಬತ್ತೊಂದು ಜೋಡಿ. "ಹನ್ನೆರಡನೇ ಕ್ಲಾಸಿನ ಹುಡುಗ ಮಾಡೋ ಕೆಲಸ" ಎಂದು ಗಂಗಾಧರ ಮೊದಲ ದಿನವೇ ಎಲ್ಲರ ಕಿವಿಗೆ ಬೀಳುವಂತೆ ಹೇಳಿದ.

ಹೇಳಿದ್ದೇನೋ ಸರಿ, ಆದರೆ ಆ ಕೆಲಸದ ಕೈಯಲ್ಲಿ ಅವನ ಜುಟ್ಟಿತ್ತು. ಅವನ ಕಂಪನಿ, ಇದು ಮುಗಿದ ಮೇಲೆ ನಿನಗೆ ಕೊಡಲು ನಮ್ಮಲ್ಲಿ ಬೇರೆ ಪ್ರಾಜೆಕ್ಟ್ ಇಲ್ಲ ಎಂದು ಮೆತ್ತಗೆ ತಿಳಿಸಿತ್ತು. ಕೆಲಸ ಹೋದರೆ ಮೂರು ತಿಂಗಳಲ್ಲಿ ಇನ್ನೊಂದನ್ನು ಹಿಡಿಯಬೇಕು, ಇಲ್ಲದಿದ್ದರೆ ವರ್ಕ್ ಪರ್ಮಿಟ್ ಕೈತಪ್ಪಿದಂತೆ. ಎರಡನೇ ಕ್ಲಾಸಿನ ಮಗಳು ಚಾರ್ವಿ, ಮಾಲತಿಯ ನೌಕರಿ, ಆರು ವರ್ಷ ಜೋಡಿಸಿದ ಮನೆ, ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ ಹೊರಡಬೇಕು. ಒಂದೇ ಒಂದು ದಾರಿ ಇತ್ತು. ಉತ್ತರದ ಸಂಘ ಈ ಸೈಟನ್ನು ನೋಡಿಕೊಳ್ಳಲು ಒಬ್ಬರನ್ನು ಖಾಯಂ ಆಗಿ ತೆಗೆದುಕೊಳ್ಳುವುದಾಗಿ ಹೇಳಿತ್ತು. ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಗ್ರೋನ್‌ಸೆಲೆ ಎಂಬ ಊರಿನಲ್ಲಿ ಮೀಟಿಂಗು. ಅಲ್ಲಿಗೆ ಬಂದು ಸೈಟು ತೋರಿಸಿ, ಮಾತಾಡೋಣ ಎಂದು ಸಂಘದ ಮುಖ್ಯಸ್ಥೆ ಗುನ್ನೆಲ್ ಬರೆದಿದ್ದಳು. ಒಂದು ಗಂಟೆ ಎಂಬುದರ ಕೆಳಗೆ ಗೆರೆ ಎಳೆದಿದ್ದಳು.

ಆ ನೌಕರಿ ತನಗೇ ಎಂಬುದರಲ್ಲಿ ಗಂಗಾಧರನಿಗೆ ಸಂಶಯವಿರಲಿಲ್ಲ. ತಂಡದಲ್ಲಿದ್ದವರೇ ಇಬ್ಬರು. ಅವನು ಲೀಡು. ಇನ್ನೊಬ್ಬಳು ದೀಪ್ತಿ, ಟೆಸ್ಟರು. ಅಂದರೆ ಅವನು ಮಾಡಿದ್ದರಲ್ಲಿ ತಪ್ಪು ಹುಡುಕುವವಳು. ತಪ್ಪು ಹುಡುಕುವುದು ಉದ್ಯೋಗವೇ ಅಲ್ಲ ಎಂಬುದು ಅವನ ಮತ. "ಅಡುಗೆ ಬಾರದೋರು ಉಪ್ಪು ಕಮ್ಮಿ ಅನ್ನೋಕೆ ಸಂಬಳ ತಗೊಳ್ತಾರೆ" ಎಂದು ಟೆಸ್ಟರುಗಳ ಎದುರಿಗೇ ಹೇಳುತ್ತಿದ್ದ. ದೀಪ್ತಿ ಗದಗಿನವಳು, ಸ್ವೀಡನ್ನಿನದೇ ಓರೆಬ್ರೂ ಊರಿನಲ್ಲಿ ಎಂ.ಎಸ್. ಮಾಡಿ ಬಂದವಳು. ಬೆಂಗಳೂರಿನವರ ನಡುವೆ ತನ್ನ ಕಡೆಯ ಮಾತನ್ನು ಬಿಗಿಹಿಡಿದು ಮಾತಾಡುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಅದು ಜಾರಿ ಹೊರಗೆ ಬರುತ್ತಿತ್ತು.

ಸಂಘದವರು ಕಳಿಸಿದ ಪಟ್ಟಿಯಲ್ಲಿ ದೂರದ ಅಂಕಣದ ತಲೆಯ ಮೇಲೆ 'ಮಿಲ್' ಎಂದಿತ್ತು. ಗಂಗಾಧರ ಅರೆಗಳಿಗೆಯೂ ಯೋಚಿಸಲಿಲ್ಲ. ಹಾಲಿಗೆ ಇವರು 'ಮ್ಯೋಲ್ಕ್' ಅನ್ನುತ್ತಾರೆ, ಅಂದರೆ ಮಿಲ್ಕ್. ಹಾಗೆಯೇ ಮಿಲ್ ಎಂದರೆ ಮೈಲು. ಪ್ರತಿಯೊಂದು ಅಂಕಿಯನ್ನೂ ಒಂದು ಪಾಯಿಂಟ್ ಆರು ಒಂದರಿಂದ ಗುಣಿಸಿ ಕಿಲೋಮೀಟರು ಮಾಡಿಬಿಟ್ಟ. ವಿಟ್ಯೌರ್ ಎಂಬ ಊರಿನಿಂದ ಗ್ರೋನ್‌ಸೆಲೆಗೆ ಆಕಾಶದಲ್ಲಿ ಇಪ್ಪತ್ತೊಂದು ಮಿಲ್, ರಸ್ತೆಯಲ್ಲಿ ಇಪ್ಪತ್ತೊಂಬತ್ತು. ಅವನ ಪೇಜಿನಲ್ಲಿ ಅದು ಮೂವತ್ತನಾಲ್ಕು ಕಿಲೋಮೀಟರು ಮತ್ತು ನಲವತ್ತೇಳು ಕಿಲೋಮೀಟರು ಆಗಿ ಕುಳಿತಿತು. ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ವಿಮಾನಕ್ಕೆ ಮೂವತ್ತಮೂರು ನಿಮಿಷ. ಕಾರಿಗೆ ಮೂವತ್ತೈದು. ಆ ಎರಡು ಊರುಗಳ ನಡುವೆ ಇವತ್ತಿನವರೆಗೆ ಒಂದೇ ಒಂದು ವಿಮಾನ ಹಾರಿರಲಿಲ್ಲ. ವಿಮಾನದಲ್ಲೇ ಹೋಗುತ್ತೇನೆಂದರೆ ಸ್ಟಾಕ್‌ಹೋಮಿನ ತನಕ ಇಳಿದು ಬಂದು ಮತ್ತೆ ಮೇಲಕ್ಕೆ ಹೋಗಬೇಕಿತ್ತು. ಪೇಜಿಗೆ ಅದರ ಗೊಡವೆ ಇರಲಿಲ್ಲ, ಪೇಜು ಬರೆದವನಿಗಂತೂ ಮೊದಲೇ ಇರಲಿಲ್ಲ.

ನವೆಂಬರಿನಲ್ಲೇ ದೀಪ್ತಿ ಅವನ ಮೇಜಿನ ಹತ್ತಿರ ಬಂದು ನಿಂತಿದ್ದಳು.

"ಸರ್, ಡಿಸ್ಟೆನ್ಸ್ ಎಲ್ಲಾ ತಪ್ಪಾಗಿದೆ ಅನ್ಸುತ್ತೆ. ಮೂವತ್ನಾಲ್ಕು ಕಿಲೋಮೀಟರ್ ದೂರಕ್ಕೆ ಇನ್ನೊಂದು ಏರ್‌ಪೋರ್ಟ್ ಯಾಕೆ ಕಟ್ತಾರೆ?"

"ಸರ್ಕಾರದ ದುಡ್ಡು ಕಣಮ್ಮ, ಯಾರಪ್ಪನ ಮನೆ ಗಂಟು ಹೋಗ್ಬೇಕು? ನಮ್ಮ ಎಮ್ಮೆಲ್ಲೆಗಳು ಬಸ್ ಶೆಲ್ಟರ್ ಕಟ್ಸಲ್ವಾ, ಹಾಗೆ."

"ಅದಲ್ಲ ಸರ್. ಮಿಲ್ ಅಂದ್ರೆ ಮೈಲಿ ಅಲ್ಲ. ನಮ್ಮಜ್ಜಿ ಹರದಾರಿ ಲೆಕ್ಕ ಹೇಳ್ತಿದ್ರು. ಮೈಲಿ ಬೇರೆ, ಹರದಾರಿ ಬೇರೆ. ಹಾಗೇ ಇವರದ್ದೂ ಒಂದು ಅಳತೆ..."

ಗಂಗಾಧರ ಮುಂದಕ್ಕೆ ಕೇಳಿಸಿಕೊಳ್ಳಲೇ ಇಲ್ಲ. ಕುರ್ಚಿ ತಿರುಗಿಸಿ ಆಚೆ ತಂಡದವರಿಗೆಲ್ಲ, "ಕೇಳ್ರಪ್ಪೋ, ಕಿಸ್ಟಾಕ್ಕೆ ಹರದಾರಿ ಬಂತು! ನಾಳೆ ಸರ್ವರ್ ಸ್ಪೀಡನ್ನ ಪಾವು, ಸೇರಲ್ಲಿ ಅಳೀತಾರೆ" ಎಂದ. ಅವತ್ತಿನಿಂದ ಅವಳಿಗೆ ಹರದಾರಿ ದೀಪ್ತಿ ಎಂದೇ ಹೆಸರಿಟ್ಟ. ಅವಳು ಹೋಗಿ ಕುಳಿತು, ಆಫೀಸಿನ ಪದ್ಧತಿಯಂತೆ ಆ ತಪ್ಪನ್ನು ಕಂಪ್ಯೂಟರಿನಲ್ಲಿ ಬಗ್ ಎಂದು ದಾಖಲು ಮಾಡಿದಳು. ಗಂಗಾಧರ ಅದರ ಮೊದಲ ಸಾಲನ್ನಷ್ಟೇ ಓದಿ, ಕೆಳಗೆ 'ಫಸ್ಟ್ ಲರ್ನ್ ದಿ ಬೇಸಿಕ್ಸ್' ಎಂದು ಬರೆದು ಮುಚ್ಚಿದ. ಎರಡನೆಯ ಸಾಲು ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗ್ರೋನ್‌ಸೆಲೆಗೆ ಸ್ಟಾಕ್‌ಹೋಮಿನಿಂದ ಸೋಮವಾರ, ಗುರುವಾರ ಮಾತ್ರ ವಿಮಾನ. ದೀಪ್ತಿ ಸೋಮವಾರವೇ ಹೊರಟಳು. ಆ ಹಾಳೂರಿನಲ್ಲಿ ಒಂದು ಸಂಜೆಯನ್ನು ಕಳೆಯುವುದು ಗಂಗಾಧರನಿಗೆ ತನ್ನ ಘನತೆಗೆ ಕಡಿಮೆ ಅನ್ನಿಸಿತು. ತನ್ನದೇ ಪೇಜು ತೆಗೆದು ನೋಡಿದ. ವಿಟ್ಯೌರ್‌ಗೆ ಮಂಗಳವಾರ ಬೆಳಿಗ್ಗೆ ವಿಮಾನವಿತ್ತು. ಅಲ್ಲಿಂದ ನಲವತ್ತೇಳು ಕಿಲೋಮೀಟರು ಟ್ಯಾಕ್ಸಿ. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಅರ್ಧ ದಾರಿ ವಾಪಸು ಬಂದಷ್ಟು, ಅದೂ ಟ್ರಾಫಿಕ್ ಇಲ್ಲದೆ.

"ವಿಟ್ಯೌರ್‌ನಿಂದ ತುಂಬಾ ದೂರ ಆಗಲ್ವಾ ಸರ್?" ಎಂದು ದೀಪ್ತಿ ಹೊರಡುವ ಮುನ್ನ ಕೇಳಿದ್ದಳು.

"ಪೇಜ್ ನೋಡಮ್ಮ. ಅದಕ್ಕೇ ಅಲ್ವಾ ಮಾಡಿರೋದು?"

ದೀಪ್ತಿ ಅವನ ಮುಖವನ್ನು ಒಂದು ಕ್ಷಣ ನೋಡಿದಳು. "ಹೌದ್ರಿ ಸರ್" ಎಂದಳು.

ಗೂಗಲ್ ಮ್ಯಾಪು ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೋಡಬಹುದಿತ್ತು. ಸಾಮಾನ್ಯ ಮನುಷ್ಯರು ನೋಡುತ್ತಿದ್ದರು. ಆದರೆ ತಾನೇ ಕಟ್ಟಿದ ಪೇಜು ಇರುವಾಗ ಬೇರೆಯವರ ಮ್ಯಾಪು ತೆಗೆಯುವುದೆಂದರೆ ಗಂಗಾಧರನಿಗೆ ಸ್ವಂತ ಮನೆಯಲ್ಲಿ ಅಡುಗೆ ಮಾಡಿಟ್ಟು ಪಕ್ಕದ ಮನೆಗೆ ಊಟಕ್ಕೆ ಹೋದ ಹಾಗೆ. ಅಹಂಕಾರಕ್ಕೆ ಉದಾಸೀನ ಜೊತೆಯಾದರೆ ಕಣ್ಣಿದ್ದೂ ಕುರುಡು.

ಸೋಮವಾರ ರಾತ್ರಿ ಊಟಕ್ಕೆ ಅಪ್ಪ ಮಗಳು ಇಬ್ಬರೇ. ಮಾಲತಿಗೆ ದಾಗಿಸ್‌ನಲ್ಲಿ ಪೋಷಕರ ಸಭೆಯಿತ್ತು. ಚಿತ್ರಾನ್ನ ತಿನ್ನುತ್ತ ಗಂಗಾಧರ ಲ್ಯಾಪ್‌ಟಾಪು ತೆರೆದು ಸಂಘದ ಪಟ್ಟಿಯನ್ನು ರಾಗವಾಗಿ ಓದಿದ. "ವಿಟ್ಯೌರ್ ಟು ಗ್ರೋನ್‌ಸೆಲೆ, ಇಪ್ಪತ್ತೊಂಬತ್ತು ಮಿಲ್. ನಾಳೆ ಪಪ್ಪ ಅಲ್ಲಿಗೆ ಹೋಗ್ತಿದ್ದಾರೆ ಪುಟ್ಟಿ."

ಚಾರ್ವಿ ಕಣ್ಣರಳಿಸಿದಳು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುವ ಮಗು ಅದು; ಇಪ್ಪತ್ತೊಂಬತ್ತನ್ನೂ ಸ್ವೀಡಿಷಿನಲ್ಲೇ ಹೇಳಿತು. "ಶ್ಯೂಗೊನಿಯೊ ಮಿಲ್? ಓಯ್! ಯೆತ್ತೆಲೊಂಗ್ತ್, ಪಪ್ಪ!"

"ಎತ್ತೂ ಇಲ್ಲ, ಗಾಡೀನೂ ಇಲ್ಲ. ಪಪ್ಪ ಟ್ಯಾಕ್ಸೀಲಿ ಹೋಗ್ತಾರೆ" ಎಂದು ಗಂಗಾಧರ ತನ್ನ ಜೋಕಿಗೆ ತಾನೇ ನಕ್ಕ. ಚಾರ್ವಿ ಮತ್ತೊಮ್ಮೆ ಅದನ್ನೇ ಹೇಳಿದಳು. ಅನ್ನ ಆರುತ್ತೆ, ತಿನ್ನು ಎಂದು ಅವನು ಗದರಿದ.

ಬೆಳಿಗ್ಗೆಯ ವಿಮಾನದಲ್ಲಿದ್ದವರು ಹನ್ನೊಂದು ಜನ. ಹತ್ತಕ್ಕೆ ಹತ್ತು ನಿಮಿಷವಿರುವಾಗ ಅದು ವಿಟ್ಯೌರ್‌ನಲ್ಲಿ ಇಳಿಯಿತು. ನಿಲ್ದಾಣವೆಂದರೆ ಕೆಂಪು ಬಣ್ಣದ ಒಂದು ಮರದ ಕಟ್ಟಡ. ಏಣಿ ತಂದು ನಿಲ್ಲಿಸಿದ ಹೆಂಗಸೇ ಒಳಗೆ ಬಂದು ಲಗೇಜು ಕೊಟ್ಟಳು, ಅವಳೇ ಹೊರಗಿನ ಜಾಕೆಟ್ಟು ಕಳಚಿ ಕಾಫಿ ಮಾರಿದಳು. ಟ್ಯಾಕ್ಸಿ ಎಲ್ಲಿ ಸಿಗುತ್ತದೆ ಎಂದು ಗಂಗಾಧರ ಇಂಗ್ಲಿಷಿನಲ್ಲಿ ಕೇಳಿದಾಗ ಗಲ್ಲಾ ಮುಚ್ಚಿ, ಇನ್ನೊಂದು ಜಾಕೆಟ್ಟು ತೊಟ್ಟು, ಕಾರಿನ ಕೀಲಿ ಎತ್ತಿಕೊಂಡಳು. ಹೆಸರು ಸೀವ್ ಎಂದಳು. ಅರವತ್ತರ ಆಸುಪಾಸಿನ, ಅಗಲ ಹೆಗಲಿನ ಹೆಂಗಸು. ಇದೂ ಒಂದು ಏರ್‌ಪೋರ್ಟು, ತಿಪ್ಪೆಗುಂಡಿಗೆ ರನ್‌ವೇ ಹಾಕಿದ್ದಾರೆ ಎಂದು ಗಂಗಾಧರ ಮನಸ್ಸಿನಲ್ಲೇ ಅಂದುಕೊಂಡ.

"ಗ್ರೋನ್‌ಸೆಲೆ" ಎಂದ.

ಸೀವ್ ಅವನನ್ನೂ ಅವನ ಆಫೀಸು ಬೂಟುಗಳನ್ನೂ ನೋಡಿದಳು. "ಇವತ್ತೇ?"

"ಹನ್ನೊಂದು ಗಂಟೆಯೊಳಗೆ."

"ಗ್ರೋನ್‌ಸೆಲೆ ಇಪ್ಪತ್ತೊಂಬತ್ತು ಮಿಲ್ ಇದೆ. ಈ ಹಿಮದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು."

ನಾಲ್ಕು ಗಂಟೆ ಎಂದಾಕ್ಷಣ ಗಂಗಾಧರನೊಳಗಿನ ಬೆಂಗಳೂರಿಗ ಎದ್ದು ಕುಳಿತ. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿಳಿದ ಹಳ್ಳಿಯವರಿಗೆ ರಾಜಾಜಿನಗರವನ್ನು ತುಮಕೂರಿನಷ್ಟು ದೂರ ಮಾಡಿ ತೋರಿಸುವ ಆಟೋದವರನ್ನು ಅವನು ಬಾಲ್ಯದಿಂದ ಬಲ್ಲ. ಇಲ್ಲೂ ಅದೇ ಕಸುಬು, ಚರ್ಮದ ಬಣ್ಣ ನೋಡಿ ಸುತ್ತು ಹೊಡೆಸುತ್ತಾರೆ ಎಂದುಕೊಂಡ. ಸ್ವೀಡನ್ನಿನವರು ಪ್ರಾಮಾಣಿಕರಂತೆ! ಅವನಿಗೆ ಒಳಗೊಳಗೇ ಖುಷಿಯೂ ಆಯಿತು. ಕೊನೆಗೂ ಒಬ್ಬಳು ಸಿಕ್ಕಿಬಿದ್ದಳು.

"ನಾನು ಟೂರಿಸ್ಟ್ ಅಲ್ಲ" ಎಂದ. "ಇಪ್ಪತ್ತೊಂಬತ್ತು ಮೈಲು ಅಂದರೆ ನಲವತ್ತೇಳು ಕಿಲೋಮೀಟರು. ಮೂವತ್ತೈದು ನಿಮಿಷದ ದಾರಿ."

"ಮೈಲು ಅಲ್ಲ. ಮಿಲ್" ಎಂದಳು ಸೀವ್.

"ಎರಡೂ ಒಂದೇ."

"ಇಲ್ಲಿ ಒಂದೇ ಅಲ್ಲ."

ಅವನು ಮೊಬೈಲು ತೆಗೆದು ತನ್ನ ಪೇಜನ್ನು ಅವಳ ಮೂಗಿನ ಮುಂದೆ ಹಿಡಿದ. ಹಿಡಿದು, ಈ ಪೇಜು ಮಾಡಿದವನೇ ನಾನು ಎಂಬುದನ್ನು ಹೇಳಲು ಬಾಯಿ ತೆರೆದವನು, ಡ್ರೈವರಿಗೆ ಅದೆಲ್ಲ ಯಾಕೆಂದು ಸುಮ್ಮನಾದ. ಸೀವ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಮೂವತ್ತನಾಲ್ಕು ಕಿಲೋಮೀಟರು ವಿಮಾನದ ದೂರ. ನಲವತ್ತೇಳು ರಸ್ತೆ. ಅವಳ ಮುಖದಲ್ಲಿ ನಗು ಬರಲಿಲ್ಲ.

"ಇದನ್ನು ಬರೆದವರು ಒಂದು ಸಲ ಇಲ್ಲಿಗೆ ಬರಬೇಕಿತ್ತು" ಎಂದು ಮೊಬೈಲು ಹಿಂದಿರುಗಿಸಿದಳು.

ಇಷ್ಟಾಗುವಾಗ ಹತ್ತೂಕಾಲು. ಬೇರೆ ಟ್ಯಾಕ್ಸಿ ಎಲ್ಲಿ ಎಂದು ಅವನು ಕೇಳಿದ. ಬೇರೆ ಟ್ಯಾಕ್ಸಿಯೂ ತನ್ನದೇ, ಅದರ ಬ್ಯಾಟರಿ ಸತ್ತಿದೆ ಎಂದಳು. ಗಂಗಾಧರ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದುಕೊಂಡ. "ನೇರ ದಾರೀಲಿ ಹೋಗಿ" ಎಂದ.

"ಇರೋದೇ ಒಂದು ದಾರಿ" ಎಂದಳು ಸೀವ್.

ಕಾರು ಹೊರಟಿತು. ಎರಡೂ ಕಡೆ ಮರ, ಮರದ ಮೇಲೆ ಹಿಮ. ಗಂಗಾಧರ ಗ್ರೋನ್‌ಸೆಲೆಯಲ್ಲಿ ಆಡುವ ಮಾತುಗಳನ್ನು ಜೋಡಿಸಿಕೊಳ್ಳತೊಡಗಿದ. ಮೊದಲು ಸೈಟು ತೋರಿಸುವುದು. 'ಉತ್ತರ ನೀವಂದುಕೊಂಡಷ್ಟು ದೂರವಿಲ್ಲ' ಎಂದು ಪೇಜಿನ ತಲೆಯ ಮೇಲೆ ತಾನೇ ಬರೆದ ಸಾಲನ್ನು ದೊಡ್ಡದಾಗಿ ಓದುವುದು. ಆಮೇಲೆ ನೌಕರಿಯ ಮಾತು ಬಂದಾಗ ಸ್ವಲ್ಪ ಬಿಗುಮಾನ ತೋರಿಸಿ, ಕಿಸ್ಟಾದಿಂದಲೇ ಕೆಲಸ ಮಾಡುವೆ, ತಿಂಗಳಿಗೊಮ್ಮೆ ಬೇಕಾದರೆ ಬಂದು ಹೋಗುವೆ ಎನ್ನುವುದು. ದೀಪ್ತಿಯ ಬಗ್ಗೆ ಕೇಳಿದರೆ, ಒಳ್ಳೆಯ ಹುಡುಗಿ, ಇನ್ನೂ ಕಲಿಯಬೇಕು ಎಂದು ಮುಗಿಸುವುದು. ಸಂಜೆ ಮನೆಗೆ ಹೋದ ಮೇಲೆ ಮಾಲತಿಗೆ ಹೇಳಬೇಕು, ನೋಡು, ಒಂದಕ್ಷರ ಸ್ವೀಡಿಷ್ ಇಲ್ಲದೆ ಖಾಯಂ ಆಯ್ತು ಎಂದು.

ಹತ್ತೂ ಐವತ್ತಕ್ಕೆ ಅವನು ಟೈ ಸರಿಮಾಡಿಕೊಂಡು, ಬಾಚಣಿಗೆ ಆಡಿಸಿ, ಊರು ಬರುವುದನ್ನು ಕಾಯ್ದ. ಮರಗಳೇ ಬಂದವು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಹಿಮಸಾರಂಗಗಳ ಒಂದು ಹಿಂಡು ರಸ್ತೆಯ ಮೇಲೆ ನಿಂತಿತ್ತು. ಸೀವ್ ಕಾರು ನಿಲ್ಲಿಸಿ, ಹಾರ್ನು ಕೂಡ ಮಾಡದೆ, ಅವು ತಾವಾಗಿ ಸರಿಯುವ ತನಕ ಕಾದಳು. ಬೇಕೆಂದೇ ನಿಧಾನ ಮಾಡುತ್ತಿದ್ದಾಳೆ ಎಂದು ಗಂಗಾಧರ ಹಲ್ಲು ಕಡಿದ. "ಹಂಗೇ ಆಮೆ ಮೇಲೆ ಕೂರಿಸ್ಕೊಂಡು ಹೋಗಮ್ಮ ತಾಯಿ" ಎಂದು ಕನ್ನಡದಲ್ಲಿ ಗೊಣಗಿದ.

ಹನ್ನೊಂದು ದಾಟಿದ ಮೇಲೆ ರಸ್ತೆಯೊಂದು ಕೂಡುವಲ್ಲಿ ನೀಲಿ ಹಲಗೆ ಕಂಡಿತು. ಬಿಳಿಯ ಅಕ್ಷರಗಳಲ್ಲಿ ಮೂರು ಊರುಗಳ ಹೆಸರು. ಕೊನೆಯದು ಗ್ರೋನ್‌ಸೆಲೆ. ಅದರ ಮುಂದೆ 241.

ಗಂಗಾಧರ ಅದನ್ನು ಓದಿದ. ಮತ್ತೊಮ್ಮೆ ಓದಿದ. ಇಪ್ಪತ್ನಾಲ್ಕು ಪಾಯಿಂಟ್ ಒಂದು ಇರಬೇಕು, ಚುಕ್ಕೆಗೆ ಹಿಮ ಮೆತ್ತಿದೆ ಎಂದುಕೊಂಡ. ಕಾರು ನಿಲ್ಲಿಸಲು ಹೇಳಿ ಕೆಳಗಿಳಿದ. ಮಂಡಿಯ ತನಕ ಹಿಮದಲ್ಲಿ ಹೂತುಕೊಂಡು ಹೋಗಿ, ಬರಿಗೈಯಿಂದ ಹಲಗೆಯನ್ನು ಒರೆಸಿದ. ಚುಕ್ಕೆ ಇರಲಿಲ್ಲ. ಮೈನಸ್ ಹತ್ತೊಂಬತ್ತು ಡಿಗ್ರಿಯಲ್ಲಿ ಸರ್ಕಾರದ ಹಲಗೆಯನ್ನು ತಿಕ್ಕುತ್ತ ನಿಂತ ಆ ಟೈ ಕಟ್ಟಿದ ಮನುಷ್ಯನನ್ನು ಸೀವ್ ಕಿಟಕಿ ಇಳಿಸಿ ನೋಡಿದಳು.

"ಕಿಲೋಮೀಟರು" ಎಂದಳು. "ನಮ್ಮ ಒಂದು ಮಿಲ್ ಅಂದರೆ ಹತ್ತು ಕಿಲೋಮೀಟರು. ಮೈಲು ಅಲ್ಲ ಎಂದು ಹೇಳಿದೆನಲ್ಲ. ಯೆತ್ತೆಲೊಂಗ್ತ್."

ರಾತ್ರಿ ಚಾರ್ವಿ ಹೇಳಿದ್ದ ಆ ಪದ ಕೇಳಿ ಅವನು ತಿರುಗಿದ. "ಹಾಗಂದರೇನು?"

"ತುಂಬಾ, ತುಂಬಾ ದೂರ."

ನೆತ್ತಿಯಿಂದ ಪಾದದ ತನಕ ಅವನಿಗೆ ಒಂದೇ ಸಲ ಗೊತ್ತಾಯಿತು. ತೊಂಬತ್ತೊಂದು ಜೋಡಿಯೂ ತಪ್ಪು. ಒಂದೂ ಬಿಡದೆ ತಪ್ಪು. ಎಂಟು ವರ್ಷದ ಮಗಳಿಗೆ ಗೊತ್ತಿತ್ತು. ಹರದಾರಿಯ ಮೊಮ್ಮಗಳಿಗೆ ಗೊತ್ತಿತ್ತು. ಏಣಿ ನಿಲ್ಲಿಸುವ ಹೆಂಗಸಿಗೆ ಗೊತ್ತಿತ್ತು. ಮಾಲತಿಯ ದಾಗಿಸ್‌ನಲ್ಲಿ ಮೂಗು ಸುರಿಸುವ ಮಕ್ಕಳಿಗೂ ಗೊತ್ತಿರಬೇಕು. ಅವನಿಗೆ ಮೊದಲ ಸಲ ಭಯವಾಯಿತು. ನಿಜವಾದ ಭಯ. ಮೂರು ತಿಂಗಳು, ಸೂಟ್‌ಕೇಸು, ಚಾರ್ವಿ.

"ಮುಂದಕ್ಕೋ, ಹಿಂದಕ್ಕೋ?" ಎಂದು ಸೀವ್ ಕೇಳಿದಳು.

ಮುಂದಕ್ಕೆ ಎಂದ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಹತ್ತಿರ ಸಿಗ್ನಲ್ ಸಿಕ್ಕಾಗ ಹನ್ನೆರಡೂವರೆ. ದೀಪ್ತಿಗೆ ಫೋನು ಮಾಡಿದ.

"ದೀಪ್ತಿ, ಸ್ವಲ್ಪ ಲೇಟಾಗ್ತಿದೆ. ಫ್ಲೈಟ್ ಡಿಲೇ ಅಂತ ಹೇಳು. ಆಮೇಲೆ... ಡಿಸ್ಟೆನ್ಸ್ ಪೇಜ್ ತೋರಿಸ್ಬೇಡ."

"ಅದೇ ಸರ್ ಅವರಿಗೆ ಬೇಕಿರೋದು. ಬೇರೆ ಪೇಜ್ ಏನಿದೆ?"

ಅವನು ಫೋನನ್ನು ಬಾಯಿಗೆ ಹತ್ತಿರ ತಂದ. ಆಮೇಲೆ, ತಗ್ಗಿದ ದನಿಯಲ್ಲಿ, ಅವನಂಥವರು ಮಾತ್ರ ಹೇಳಬಲ್ಲ ಮಾತು ಹೇಳಿದ. "ಹಾಗಾದ್ರೆ ಟೆಸ್ಟಿಂಗ್‌ನಲ್ಲಿ ಮಿಸ್ ಆಗಿದೆ ಅಂತ ಹೇಳಿಬಿಡಮ್ಮ. ನಿಂದು ಚಿಕ್ಕ ವಯಸ್ಸು, ಯಾರೂ ಏನೂ ಅನ್ಕೊಳಲ್ಲ. ನಂಗೆ ಸಂಸಾರ ಇದೆ."

ಆಚೆ ಕಡೆ ಕಪ್ಪುಗಳ ಸದ್ದು, ಯಾರೋ ಸ್ವೀಡಿಷಿನಲ್ಲಿ ಮಾತಾಡುವ ಸದ್ದು ಕೇಳಿತು.

"ನಾ ಬಗ್ ಬರದೀನ್ರಿ ಸರ್" ಎಂದಳು ದೀಪ್ತಿ. "ನವೆಂಬರ್‌ದಾಗ. ನೀವು ಅದರ ಕೆಳಗ ಏನು ಬರದೀರಿ ಅನ್ನೋದೂ ಅಲ್ಲೇ ಐತ್ರಿ. ನಾ ಏನೂ ಹೇಳೂದಿಲ್ಲ. ಅವರು ಕೇಳಿದ್ರ ತೋರಿಸ್ತೀನಿ." ಇಷ್ಟು ದಿನ ಬಿಗಿಹಿಡಿದಿದ್ದ ಮಾತು ಪೂರ್ತಿ ಬಿಚ್ಚಿಕೊಂಡಿತ್ತು. ಫೋನು ಇಟ್ಟಳು.

ಗ್ರೋನ್‌ಸೆಲೆ ಬಂದಾಗ ಎರಡೂ ಮೂವತ್ತೈದು. ಸೀವ್ ಅವನ ಚೀಲವನ್ನು ಇಳಿಸಿಕೊಟ್ಟು, ತನ್ನ ಬುಟ್ಟಿಯಲ್ಲಿದ್ದ ಒಂದು ಜೊತೆ ಉಣ್ಣೆಯ ಕಾಲುಚೀಲ ಅವನ ಕೈಗಿಟ್ಟಳು. "ಬೂಟು ಒದ್ದೆಯಾಗಿದೆ" ಎಂದಳು. ಮೊದಲ ಐದು ಮಿಲ್ ಉದ್ದಕ್ಕೂ ಅವನು ಕಳ್ಳಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದದ್ದು ಇವಳನ್ನೇ. ಅವನ ಬಾಯಿಂದ ತಕ್, ಅಂದರೆ ಥ್ಯಾಂಕ್ಸ್, ಎಂಬ ಮಾತು ಬರಬೇಕಿತ್ತು, ಅವನಿಗೆ ಬರುತ್ತಿದ್ದ ನಾಲ್ಕು ಪದಗಳಲ್ಲಿ ಅದೂ ಒಂದು. ಬರಲಿಲ್ಲ.

ಮೀಟಿಂಗ್ ಕೋಣೆಯಲ್ಲಿ ಮೇಣದ ಬತ್ತಿ ಉರಿಯುತ್ತಿತ್ತು. ಹದಿನಾಲ್ಕು ಊರಿನವರು ಹೊರಟುಹೋಗಿದ್ದರು. ಗುನ್ನೆಲ್ ಮತ್ತು ದೀಪ್ತಿ ಇಬ್ಬರೇ ಇದ್ದರು. ಮೇಜಿನ ಮೇಲೆ ತಟ್ಟೆಯೊಂದರಲ್ಲಿ ಕಾಗದದ ಕರವಸ್ತ್ರ ಮುಚ್ಚಿ ಒಂದೇ ಒಂದು ಬನ್ನು ಇಟ್ಟಿದ್ದರು. ಗೋಡೆಯ ಪರದೆಯ ಮೇಲೆ ಆ ಬಗ್ ಇನ್ನೂ ಹಾಗೇ ಇತ್ತು. ಮೊದಲ ಸಾಲು: ದೂರಗಳೆಲ್ಲ ತಪ್ಪಿವೆ. ಎರಡನೆಯ ಸಾಲು: ಒಂದು ಮಿಲ್ ಎಂದರೆ ಹತ್ತು ಕಿಲೋಮೀಟರು. ಕೆಳಗೆ ಅವನ ಹೆಸರು, ಅವನ ಮಾತು. ಫಸ್ಟ್ ಲರ್ನ್ ದಿ ಬೇಸಿಕ್ಸ್.

"ಕ್ಷಮಿಸಿ" ಎಂದ ಗಂಗಾಧರ. "ಸಣ್ಣ ಯೂನಿಟ್ ಪ್ರಾಬ್ಲಮ್ಮು. ಐದು ನಿಮಿಷದಲ್ಲಿ ಸರಿ ಮಾಡುತ್ತೇನೆ."

"ದೀಪ್ತಿ ಆಗಲೇ ಮಾಡಿದ್ದಾಳೆ" ಎಂದಳು ಗುನ್ನೆಲ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ವಾದ ಮಾಡಬಹುದಿತ್ತು. "ನಮ್ಮ ಊರಿನವರು ಆಸ್ಪತ್ರೆಗೆ ಈ ದಾರಿಯಲ್ಲೇ ಹೋಗುತ್ತಾರೆ. ಹೊಸಬರು ಪೇಜು ನಂಬಿಕೊಂಡು, ಅರ್ಧ ಟ್ಯಾಂಕು ಪೆಟ್ರೋಲು ಹಾಕಿಕೊಂಡು ಹೊರಟಿದ್ದರೆ? ನಿಮ್ಮಿಂದ ಒಂದು ಉಪಕಾರವಾಯಿತು. ಅದನ್ನು ನಂಬಿದ ಮೊದಲ ಪ್ರಯಾಣಿಕರು ನೀವೇ ಆದಿರಿ. ಕೊನೆಯವರೂ."

"ಆ ನೌಕರಿ..." ಎಂದ.

"ದೀಪ್ತಿ ಒಪ್ಪಿಕೊಂಡಿದ್ದಾಳೆ. ಒಂದು ಗಂಟೆಗೆ ಇಲ್ಲಿದ್ದವಳು ಅವಳು."

"ಅವಳು ಬರೀ ಟೆಸ್ಟರ್!" ಅವನ ದನಿ ಅವನಿಗೇ ಕೀಚಲಾಗಿ ಕೇಳಿತು.

"ಹೌದು" ಎಂದಳು ಗುನ್ನೆಲ್, ಅದರಲ್ಲೇನು ಎಂಬಂತೆ. ಬನ್ನಿನ ತಟ್ಟೆಯನ್ನು ಅವನ ಕಡೆ ಸರಿಸಿ, ಕಾಫಿ ತರಲು ಎದ್ದು ಹೋದಳು.

ಗಂಗಾಧರ ಕುರ್ಚಿಯಲ್ಲಿ ಕುಸಿದ. ಇನ್ನೊಬ್ಬರ ಮೇಲೆ ಎರಚಿ ಎರಚಿ ಉಳಿದಿದ್ದ ತಾತ್ಸಾರವೆಲ್ಲ ಈಗ ಅವನ ಮೇಲೇ ಬಿತ್ತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಮಾಲತಿಗೆ ಏನೆಂದು ಹೇಳುವುದು? ಮೂಗು ಒರೆಸುವ ನೌಕರಿಯೇ ಇನ್ನು ಮನೆಗೆ ಗತಿ ಎಂದೇ? ಒದ್ದೆ ಬೂಟಿನೊಳಗೆ ಬೆರಳುಗಳು ಜುಮುಗುಟ್ಟುತ್ತಿದ್ದವು.

ದೀಪ್ತಿ ಲ್ಯಾಪ್‌ಟಾಪಿನ ಹಿಂದಿನಿಂದ ತಲೆಯೆತ್ತಿದಳು. ಹರದಾರಿ ಎಂದು ಅವಳು ಹಂಗಿಸಲಿಲ್ಲ. ನಗಲೂ ಇಲ್ಲ. ಬೆಂಗಳೂರಿನ ಮಾತು ಅವಳ ನಾಲಿಗೆಗೆ ಮರಳಿತ್ತು.

"ಸರ್, ಎಷ್ಟೊತ್ತು ಹಿಡೀತು?"

"ಏನು?"

"ವಿಟ್ಯೌರ್‌ನಿಂದ ಇಲ್ಲಿಗೆ. ಕಾರಲ್ಲಿ. ಹಿಮ ಇದ್ದಾಗ ನಿಜವಾಗ್ಲೂ ಎಷ್ಟೊತ್ತಾಗುತ್ತೆ ಅಂತ ಪೇಜ್‌ಗೆ ಹಾಕ್ಬೇಕು."

ಅವನು ಗಡಿಯಾರ ನೋಡಿಕೊಂಡ. ಹತ್ತೂಕಾಲಿನಿಂದ ಎಣಿಸಿದ. "ನಾಲ್ಕು ಗಂಟೆ ಇಪ್ಪತ್ತು ನಿಮಿಷ" ಎಂದ.

"ಥ್ಯಾಂಕ್ಸ್ ಸರ್."

ಅವಳು ಅದನ್ನು ಒತ್ತಿದಳು. ಮತ್ತೆ ತೆರೆದಿದ್ದ ಬಗ್ ಮುಚ್ಚುವ ಮೊದಲು ಒಂದು ಖಾನೆ ಬಾಕಿ ಉಳಿದಿತ್ತು, ಅದನ್ನು ತುಂಬಿದಳು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅದೂ ಮೂಡಿತು.

ಟೆಸ್ಟ್ ಮಾಡಿದವರು: ಗಂಗಾಧರ.